ಅಮ್ಮನ ಸಾಕ್ಷಿ, ನನ್ನ ಇಂಡಿಕೇಟರ್

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸ್ಕೂಟರ್ ತಿರುಗಿಸುವಾಗಲೂ ನಾನು ಇಂಡಿಕೇಟರ್ ಹಾಕುತ್ತೇನೆ. ಅಲ್ಲಿ ನನ್ನ ಹಿಂದೆ ಬರುವವರು ಯಾರೂ ಇಲ್ಲ. ಮುಂದೆ ಇರುವುದು ಒಂದು ಕಂಬ, ಅದಕ್ಕೆ ಒರಗಿಸಿಟ್ಟ ಮಕ್ಕಳ ಸೈಕಲ್ಲು. ನಾನು ಬಲಕ್ಕೆ ತಿರುಗುತ್ತಿರುವ ಸಂಗತಿಯನ್ನು ದಿನಾ ಬೆಳಿಗ್ಗೆ ಆ ಕಂಬಕ್ಕೂ ಸೈಕಲ್ಲಿಗೂ ವಿಧೇಯಳಾಗಿ ತಿಳಿಸುತ್ತೇನೆ. ವಾಚ್‌ಮನ್ ಅಣ್ಣ ಒಂದು ದಿನ ತಡೆಯಲಾರದೆ, “ಮೇಡಂ, ಇಲ್ಲಿ ಯಾರಿಗೆ ತೋರಿಸ್ತಾ ಇದೀರಾ?” ಎಂದು ಕೇಳಿಯೇಬಿಟ್ಟರು. ನನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ; ಅದಕ್ಕೆ ಇರಲಿಲ್ಲ. ನಿಮಗೆ ಹೇಳಬಹುದು ಅನ್ನಿಸುತ್ತಿದೆ. ಆದರೆ ನೇರವಾಗಿ ಹೇಳುವ ಅಭ್ಯಾಸ ನನಗಿಲ್ಲ, ಸ್ವಲ್ಪ ಸುತ್ತಿಕೊಂಡು ಬರುತ್ತೇನೆ.

ಎಂಟನೇ ಕ್ಲಾಸಿನಿಂದ ಎಂ.ಎ. ಎರಡನೇ ವರ್ಷದವರೆಗೆ ನಾನು ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಬೆಳೆದವಳು. ಗೆದ್ದ ಕಪ್ಪುಗಳು ಮನೆಯ ಶೋಕೇಸಿನಲ್ಲಿವೆ. ಅವುಗಳಲ್ಲಿ ಅಮ್ಮ ಸೇಫ್ಟಿ ಪಿನ್ನು, ರಬ್ಬರ್ ಬ್ಯಾಂಡು, ಒಂಟಿಯಾಗಿ ಉಳಿದ ಓಲೆಗಳನ್ನು ಹಾಕಿಡುತ್ತಾಳೆ. ಪರವಾಗಿ ಮಾತಾಡಬೇಕೋ ವಿರೋಧವಾಗಿಯೋ ಎಂಬುದು ನಾಣ್ಯ ಚಿಮ್ಮಿದಾಗ ತೀರ್ಮಾನವಾಗುತ್ತಿತ್ತು. ಬಿದ್ದ ಮುಖ ಯಾವುದೋ ಅದೇ ಮುಂದಿನ ಏಳು ನಿಮಿಷ ನನ್ನ ಅಚಲ ನಂಬಿಕೆ. ಈ ತರಬೇತಿಯಿಂದ ಒಂದು ಲಾಭವಾಯಿತು: ಯಾವ ಕಡೆ ನಿಂತರೂ ನನ್ನ ದನಿ ನಡುಗುವುದಿಲ್ಲ. ನಷ್ಟ ಏನು ಎಂಬುದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ದೇವರ ವಿಷಯದಲ್ಲಿ ನಾಣ್ಯ ಬೇಗನೆ ವಿರೋಧದ ಕಡೆ ಬಿತ್ತು. ನಮ್ಮದು ಕನ್ನಡ ಕ್ರೈಸ್ತರ ಮನೆ. ವಾಸ ವಿಜಯನಗರದಲ್ಲಿ, ಚರ್ಚು ರಾಜಾಜಿನಗರದ ಕಡೆ, ಅಮ್ಮ ಕನ್ನಡ ಟೀಚರ್ ಆಗಿರುವ ಹೈಸ್ಕೂಲು ಬಸವೇಶ್ವರನಗರದಲ್ಲಿ. ಅಪ್ಪ ಈ ಕಥೆಯಲ್ಲಿ ಬರುವುದಿಲ್ಲ. ಮನೆಯಲ್ಲಿ ವಾದದ ವಾಸನೆ ಬಂದರೆ ಅವರು ಶೂ ಹಾಕಿಕೊಂಡು ವಾಕಿಂಗ್ ಹೊರಡುತ್ತಾರೆ, ಹೀಗಾಗಿ ಅವರ ಆರೋಗ್ಯ ಬಹಳ ಚೆನ್ನಾಗಿದೆ. ಚಿಕ್ಕವಳಿದ್ದಾಗ ‘ಪರಿಶುದ್ಧ’ ಎಂಬ ಪದ ನನಗೆ ಎರಡೇ ಕಡೆ ಕಾಣುತ್ತಿತ್ತು: ಚರ್ಚಿನ ಗೋಡೆಯ ಮೇಲೆ, ಮತ್ತು ಗಾಣದ ಎಣ್ಣೆ ಅಂಗಡಿಯ ಬೋರ್ಡಿನ ಮೇಲೆ. ಪರಿಶುದ್ಧರಾಗುವುದೆಂದರೆ ನಮ್ಮನ್ನು ಯಾವುದೋ ಗಾಣಕ್ಕೆ ಹಾಕಿ ಹಿಂಡುತ್ತಾರೆ ಎಂದು ಬಹಳ ದಿನ ಹೆದರಿಕೊಂಡಿದ್ದೆ. ಚರ್ಚಿನ ಪೂರ್ಣ ಸದಸ್ಯರಾಗುವ ಮೊದಲು ಮಕ್ಕಳು ಕೂರುವ ದೃಢೀಕರಣದ ತರಗತಿಯಲ್ಲಿ ಪಾಸ್ಟರ್‌ಗೆ ಹದಿನಾಲ್ಕು ಪ್ರಶ್ನೆಗಳ ಪಟ್ಟಿ ಕೊಟ್ಟೆ. ಅವರು ಓದಿ, ಪ್ರಶ್ನೆಗಳು ಬಹಳ ಚೆನ್ನಾಗಿವೆ, ಮುಂದಿನ ವಾರ ನೋಡೋಣ ಎಂದರು. ಆ ಮುಂದಿನ ವಾರವನ್ನು ನಾನು ಇನ್ನೂ ಕಾಯುತ್ತಿದ್ದೇನೆ.

ನಮ್ಮವರಲ್ಲಿ ‘ಸಾಕ್ಷಿ ಹೇಳುವುದು’ ಎಂಬ ಒಂದು ರೂಢಿ ಇದೆ. ಕೋರ್ಟಿನ ಸಾಕ್ಷಿ ಅಲ್ಲ. ಪ್ರಾರ್ಥನಾ ಕೂಟದಲ್ಲಿ ಒಬ್ಬೊಬ್ಬರಾಗಿ ಎದ್ದುನಿಂತು, ಈ ವಾರ ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದರು ಎಂದು ಹೇಳಬೇಕು. ನಡತೆಗೂ ಅದೇ ಪದ. ಯಾರಾದರೂ ಬೀದಿಯಲ್ಲಿ ಜಗಳವಾಡಿದರೆ ‘ಸಾಕ್ಷಿ ಕೆಟ್ಟಿತು’ ಎನ್ನುತ್ತಾರೆ. ಅಮ್ಮನ ಜೊತೆ ಮಹಿಳಾ ಕೂಟಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನಾನು ಈ ಸಾಕ್ಷಿಗಳಿಗೆ ಅಂಕ ಕೊಡುತ್ತಿದ್ದೆ. ಒಬ್ಬ ಆಂಟಿಗೆ ಪ್ರಾರ್ಥನೆ ಮಾಡಿದ ಕೂಡಲೇ ಪಾರ್ಕಿಂಗ್ ಸಿಕ್ಕಿತಂತೆ: ಆಧಾರಕ್ಕೆ ಹತ್ತರಲ್ಲಿ ಎರಡು, ಮಂಡನೆಗೆ ಎಂಟು. ಅಮ್ಮನ ಸಾಕ್ಷಿಗಳು ಮಾತ್ರ ನನಗೆ ನಾಚಿಕೆ ತರುವಷ್ಟು ಚಿಕ್ಕವು. ಈ ವಾರ ನಾದಿನಿಯ ಮೇಲೆ ಎರಡೇ ಸಲ ಸಿಟ್ಟು ಬಂತು, ಹೋದ ವಾರ ಐದು ಸಲ ಬಂದಿತ್ತು, ಇನ್ನೂ ಬೆಳೆಯಬೇಕು, ಎಂದು ಹೇಳಿ ಕೂತುಬಿಡುತ್ತಿದ್ದಳು. ಇದೇನು ಸಾಕ್ಷಿಯೋ ಪಥ್ಯದ ವರದಿಯೋ ಎಂದು ಬಸ್ಸಿನಲ್ಲಿ ರೇಗಿಸಿದರೆ, “ನನ್ನದು ಇಷ್ಟೇ ಕಣೇ, ಇಲ್ಲದ್ದು ಎಲ್ಲಿಂದ ತರ್ಲಿ?” ಎನ್ನುತ್ತಿದ್ದಳು. ಇಲ್ಲದ್ದನ್ನು ತರುವುದರಲ್ಲಿಯೇ ನಾನು ಕಪ್ಪು ಗೆಲ್ಲುತ್ತಿದ್ದೆ.

ಕಳೆದ ವರ್ಷ ಒಂದು ಗುರುವಾರ ಸಂಜೆ ಆರರ ಹೊತ್ತಿಗೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಅತ್ತಿಗುಪ್ಪೆ ಕಡೆಯಿಂದ ಬರುತ್ತಿದ್ದೆ. ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ದರ್ಶಿನಿ ಇದೆ. ಅಲ್ಲಿ ಬಲಕ್ಕೆ ತಿರುಗಬೇಕು. ತಿರುಗಿದೆ. ಹಿಂದಿನಿಂದ ಬರುತ್ತಿದ್ದ ಡೆಲಿವರಿ ಬೈಕಿನವನು ಬ್ರೇಕ್ ಹಿಡಿದು, ಜಾರಿ, ನನ್ನ ಚಕ್ರದಿಂದ ಒಂದು ಮೊಳ ದೂರದಲ್ಲಿ ಬಿದ್ದ. ನಮಗೆ ಏನೂ ಆಗಲಿಲ್ಲ. ಅವನ ಪ್ಯಾಂಟು ಮಂಡಿಯ ಬಳಿ ಹರಿದು ರಕ್ತ ಕಾಣಿಸಿತು. ಬೆನ್ನಿನ ಚೀಲ ಬಾಯಿ ತೆರೆದುಕೊಂಡು ಯಾರದೋ ಮನೆಗೆ ಹೋಗಬೇಕಿದ್ದ ಸಾಂಬಾರು ರಸ್ತೆಯ ಮೇಲೆ ಹರಿಯಿತು.

ನಾನು ಇಂಡಿಕೇಟರ್ ಹಾಕಿರಲಿಲ್ಲ. ಇದನ್ನು ಈಗ ಒಂದೇ ವಾಕ್ಯದಲ್ಲಿ ಬರೆದಿದ್ದೇನೆ, ನೋಡಿ. ಅವತ್ತು ಈ ವಾಕ್ಯ ತಲೆಯಲ್ಲಿ ಮೂಡುವ ಮೊದಲೇ ಬಾಯಿ ಕೆಲಸ ಶುರುಮಾಡಿತ್ತು. ಏನು ಸ್ಪೀಡು, ಇದು ರೆಸಿಡೆನ್ಷಿಯಲ್ ಏರಿಯಾ, ತಿರುವಿನಲ್ಲಿ ಓವರ್‌ಟೇಕ್ ಮಾಡುವುದೆಂದರೇನು, ಹಿಂದೆ ನನ್ನ ತಾಯಿ ಕೂತಿದ್ದಾರೆ. ಜನ ಸೇರಿದರು. ಅವನು ಮೂವತ್ತರ ಆಸುಪಾಸಿನವನು, ಉತ್ತರ ಕರ್ನಾಟಕದ ಕಡೆಯವನೆಂದು ಮಾತಿನಲ್ಲಿಯೇ ತಿಳಿಯುತ್ತಿತ್ತು. ಮೇಡಂ ಇಂಡಿಕೇಟರ್ ಹಾಕಲಿಲ್ಲ ಎಂದು ಒಂದು ಸಲ ಹೇಳಿದ. ಹಾಕಿದ್ದೆ ಎಂದೆ. ದನಿ ನಡುಗಲಿಲ್ಲ. ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದ ಅಂಕಲ್ ಒಬ್ಬರು ತೀರ್ಪುಗಾರರ ಸ್ಥಾನ ವಹಿಸಿಕೊಂಡು ಅಮ್ಮನ ಕಡೆ ತಿರುಗಿದರು.

“ಅಮ್ಮಾ, ಹಿಂದೆ ಕೂತಿದ್ದವರು ನೀವು, ನೀವೇ ಸಾಕ್ಷಿ. ಹೇಳಿ, ನಿಮ್ಮ ಮಗಳು ಇಂಡಿಕೇಟರ್ ಹಾಕಿದ್ಲಾ ಇಲ್ವಾ?”

ಅಮ್ಮ ನನ್ನನ್ನು ನೋಡಲಿಲ್ಲ. ರಸ್ತೆಯ ಮೇಲಿನ ಸಾಂಬಾರನ್ನು ನೋಡುತ್ತಾ, “ಹಾಕಿದ್ಲು” ಎಂದಳು.

ಅಷ್ಟೇ. ಜನ ಅವನಿಗೆ ಬುದ್ಧಿ ಹೇಳಿದರು. “ತಪ್ಪಾತ್ರಿ ಅಮ್ಮಾರ” ಎಂದು ಅವನು ಡಬ್ಬಿಗಳನ್ನು ಆರಿಸಿಕೊಳ್ಳತೊಡಗಿದ. ನಾನು ಪೊಲೀಸಿನವಳ ಗತ್ತಿನಲ್ಲಿ ಹೆಸರು ಕೇಳಿದೆ. ಪರಸಪ್ಪ, ಮುದ್ದೇಬಿಹಾಳದ ಕಡೆ. ಬೈಕಿನ ನಂಬರಿನ ಫೋಟೋ ತೆಗೆದುಕೊಂಡೆ. ಮನೆಗೆ ಬಂದು, ಅಮ್ಮ ಸ್ನಾನಕ್ಕೆ ಹೋಗಿದ್ದಾಗ, ಅವನ ಕಂಪನಿಯ ಆ್ಯಪ್‌ನಲ್ಲಿ ಇಂಗ್ಲಿಷಿನಲ್ಲಿ ಒಂದು ದೂರು ಬರೆದೆ. ಮೂರು ಪ್ಯಾರಾ, ಒಂದೇ ಒಂದು ವ್ಯಾಕರಣ ದೋಷ ಇಲ್ಲ. ನನ್ನ ವಯೋವೃದ್ಧ ತಾಯಿಯ ಜೀವಕ್ಕೆ ಅಪಾಯ ತಂದೊಡ್ಡಿದ ಚಾಲಕ ಎಂಬ ಮಾತು ಅದರಲ್ಲಿತ್ತು. ಗೆದ್ದಾಗಿತ್ತಲ್ಲ, ಇನ್ನೂ ಯಾಕೆ ಬರೆದೆ ಎಂದು ನೀವು ಕೇಳಬಹುದು. ಸುಳ್ಳು ಗೆಲುವಿಗೆ ಲಿಖಿತ ದಾಖಲೆ ಬೇಕಾಗುತ್ತದೆ, ಅದಕ್ಕೆ ಇರಬೇಕು.

ಆ ರಾತ್ರಿ ಊಟಕ್ಕೆ ಅಮ್ಮ ಮೊಸರು ಕಲಸಿಕೊಂಡು ಸುಮ್ಮನೆ ತಿಂದಳು. ಶುಕ್ರವಾರವೂ ಹಾಗೇ. ನನ್ನ ಮೇಲೆ ಸಿಟ್ಟಿಲ್ಲ, ಬೈಗುಳ ಇಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಉತ್ತರಗಳನ್ನು ಜೋಡಿಸಿಟ್ಟುಕೊಂಡು ಎರಡು ದಿನ ಮನೆಯಲ್ಲೆಲ್ಲ ಓಡಾಡಿದೆ, ಕೊಳ್ಳುವವರಿಲ್ಲದ ಸೊಪ್ಪಿನವಳ ಹಾಗೆ.

ಭಾನುವಾರ ಕರ್ತನ ಭೋಜನದ ಆರಾಧನೆ ಇತ್ತು. ನಾನು ನಂಬುವವಳಲ್ಲದಿದ್ದರೂ ಅಮ್ಮನನ್ನು ಬಿಡಲು ಹೋಗಿ ಒಳಗೆ ಕೂರುತ್ತೇನೆ. ಫ್ಯಾನಿನ ಕೆಳಗಿನ ಜಾಗ ಸಿಕ್ಕರೆ ಆರಾಮು. ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಸಾಲುಸಾಲಾಗಿ ಮುಂದಿನ ಮೇಜಿನ ಹತ್ತಿರ ಹೋಗುತ್ತಾರೆ. ಯಾರಾದರೂ ನಮ್ಮಿಂದ ನೊಂದಿದ್ದರೆ ಮೊದಲು ಅವರ ಹತ್ತಿರ ಹೋಗಿ ಸರಿಮಾಡಿಕೊಳ್ಳಬೇಕು, ಆಮೇಲೆ ಆ ಮೇಜಿನ ಹತ್ತಿರ ಬರಬೇಕು ಎಂಬ ಕಟ್ಟುಪಾಡು ನಮ್ಮಲ್ಲಿದೆ. ಎಲ್ಲರಿಗೂ ಗೊತ್ತಿರುವ ಕಟ್ಟುಪಾಡು, ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳದ್ದು. ನಮ್ಮ ಸಾಲು ಎದ್ದಿತು. ಅಮ್ಮ ಏಳಲಿಲ್ಲ. ಅವಳ ಮಂಡಿ ದಾಟಿಕೊಂಡು, ಸೀರೆ ಸವರಿಕೊಂಡು ಒಬ್ಬೊಬ್ಬರೇ ಹೋದರು. ಮೂವತ್ತು ವರ್ಷ ಒಂದು ಸಲವೂ ತಪ್ಪಿಸದ ಟೀಚರ್ ಕೂತೇ ಇದ್ದಾರೆ ಎಂಬುದನ್ನು ಇಡೀ ಚರ್ಚು ನೋಡಿತು.

ಹೊರಗೆ ಚಹಾ ಕೊಡುವ ಕಡೆ ಪಾರ್ಕಿಂಗ್ ಸಾಕ್ಷಿಯ ಆಂಟಿ ಬಂದು, ಹುಷಾರಿಲ್ಲವಾ ಟೀಚರ್ ಎಂದು ಕೇಳಿದರು. ಎಂಥ ಸುಲಭದ ಬಾಗಿಲು! ತಲೆನೋವು ಎಂದರೆ ಮುಗಿಯುತ್ತಿತ್ತು. ಅಮ್ಮ ಹುಷಾರಾಗಿದ್ದೇನೆ, ಆದರೆ ಮೇಜಿಗೆ ಹೋಗುವ ಸ್ಥಿತಿಯಲ್ಲಿಲ್ಲ ಎಂದುಬಿಟ್ಟಳು. ಆಂಟಿಯ ಕಣ್ಣು ಅಮ್ಮನಿಂದ ನನ್ನ ಕಡೆ ಸರಿದು, ನನ್ನ ಮೇಲೆ ನಿಂತಿತು.

ಮನೆಗೆ ಬಂದ ಮೇಲೆ ನಾನೇ ಶುರುಮಾಡಿದೆ. ಅಪ್ಪ ಶೂ ಹುಡುಕಿದರು. ಅಮ್ಮ ಪರಸಪ್ಪನನ್ನು ಹುಡುಕಿ ನಿಜ ಹೇಳಿಬರುತ್ತೇನೆ ಎಂದಳು. ನಾನು ಒಂದರ ಹಿಂದೊಂದು ವಾದ ಬಿಟ್ಟೆ. ಅವನು ಮರೆತಿರುತ್ತಾನೆ. ನೀನು ಹೇಳುವುದರಿಂದ ಅವನ ಮಂಡಿ ವಾಸಿಯಾಗುವುದಿಲ್ಲ. ನಿನ್ನ ಆತ್ಮಕ್ಕೆ ಹಗುರಾಗಲಿ ಎಂದು ಇನ್ನೊಬ್ಬನ ಕೆಲಸದ ಹೊತ್ತು ಹಾಳು ಮಾಡುತ್ತೀಯಾ? ಕೊನೆಯದನ್ನು ಸ್ವಲ್ಪ ಕಾಯಿಸಿ ಹೊಡೆದೆ: “ಅಮ್ಮ, ಇದು ಅವನಿಗೋಸ್ಕರ ಅಲ್ಲ. ನಿನಗೋಸ್ಕರ. ಇದೂ ಒಂಥರಾ ಸ್ವಾರ್ಥನೇ.”

“ಇರಬಹುದು,” ಎಂದಳು ಅಮ್ಮ, ಹುರುಳಿಕಾಯಿಯ ನಾರು ತೆಗೆಯುತ್ತಾ.

ಎದುರಾಳಿ ನಿಮ್ಮ ಅತ್ಯುತ್ತಮ ವಾದವನ್ನು ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ಯಾವ ಕೋಚೂ ಹೇಳಿಕೊಟ್ಟಿರಲಿಲ್ಲ. ಮತ್ತೆ, ಸುಳ್ಳು ನನ್ನದು, ನೀನ್ಯಾಕೆ ಹೊತ್ಕೋತೀಯಾ ಎಂದು ಕೂಗಾಡಿದೆ. ಅಮ್ಮ ಕಾಯಿ ಕೆಳಗಿಟ್ಟಳು. “ನಿನ್ನದು ನಿನಗೆ ಬಿಟ್ಟಿದ್ದು. ಅವರು ಕೇಳಿದ್ದು ನನ್ನನ್ನ ಕಣೇ. ‘ನೀವೇ ಸಾಕ್ಷಿ’ ಅಂದ್ರು. ನಾನು ಹಾಕಿದ್ಲು ಅಂದೆ.”

ಸೋಮವಾರದಿಂದ ಮೂರು ದಿನ, ಸ್ಕೂಲಿಗೆ ಹೋಗುವ ಮೊದಲು ಟಿಫಿನ್ ಚೀಲ ಹಿಡಿದುಕೊಂಡು ಅಮ್ಮ ಆ ದರ್ಶಿನಿಯ ಮುಂದೆ, ಆರ್ಡರಿಗೆ ಕಾಯುವ ಡೆಲಿವರಿಯವರ ಗುಂಪಿನ ಹತ್ತಿರ ನಿಂತು, ಮುದ್ದೇಬಿಹಾಳದ ಪರಸಪ್ಪ ಗೊತ್ತಾ ಎಂದು ವಿಚಾರಿಸಿದಳು. ಮೂರನೆಯ ದಿನ ಒಬ್ಬ ಗೊತ್ತು ಎಂದನಂತೆ. ಸಂಜೆ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು: ಅವರ ಐಡಿ ಬ್ಲಾಕ್ ಆಗಿದೆಯಂತೆ, ಯಾರೋ ಕಂಪನಿಗೆ ಬರೆದಿದ್ದಾರಂತೆ, ಕೆಂಗೇರಿ ಉಪನಗರದಲ್ಲಿ ಅಕ್ಕಿ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದಾರಂತೆ. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲವಂತೆ.

ಅಮ್ಮನಿಗೂ ಗೊತ್ತಿರಲಿಲ್ಲ. ಆ ಒಂದು ನಿಮಿಷ ನನಗೆ ಬಹಳ ದೊಡ್ಡದಾಗಿತ್ತು. ಸುಮ್ಮನಿದ್ದರೆ ಸಾಕು, ವಾದವೂ ಬೇಕಿರಲಿಲ್ಲ. ಆದರೆ ನನ್ನ ಬಾಯಿಗೆ ಸುಮ್ಮನಿರುವುದು ಬರುವುದಿಲ್ಲ. “ಟೆಕ್ನಿಕಲಿ ನೋಡಿದ್ರೆ, ನಾನು ಬ್ಲಾಕ್ ಮಾಡಿ ಅಂತ ಕೇಳಿರ್ಲಿಲ್ಲ,” ಎಂದೆ.

ಅಮ್ಮ ಗೋಡೆ ಹಿಡಿದುಕೊಂಡು ಚಪ್ಪಲಿ ಬಿಟ್ಟಳು. ಫೋನ್ ಕೊಡು ಎಂದಳು. ದೂರು ಪೂರ್ತಿ ಓದಿದಳು. ಐವತ್ತೊಂದು ವಯಸ್ಸಿನ ಅವಳು ಕಡೆಗೆ ಕೇಳಿದ್ದು ಒಂದೇ: “ವಯೋವೃದ್ಧೆನಾ ನಾನು?” ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಎರಡನ್ನೂ ಮಾಡಲಿಲ್ಲ. ದೂರು ವಾಪಸ್ ತೆಗೆದುಕೊಳ್ಳುವ ಪತ್ರವನ್ನು ನೀನೇ ಬರಿ, ಕನ್ನಡದಲ್ಲಿ ಬರಿ, ಅವರ ಬಗ್ಗೆ ಏನು ಬರೆದಿದೆ ಅಂತ ಅವರೂ ಓದಬೇಕು ಎಂದಳು. ಬಲವಂತ ಇರಲಿಲ್ಲ. ಬರೆಯದಿದ್ದರೂ ಶನಿವಾರ ಅವಳು ಕೆಂಗೇರಿಗೆ ಹೋಗಿ ತನ್ನದನ್ನು ಹೇಳುತ್ತಿದ್ದಳು. ಅವನ ಐಡಿ ಮಾತ್ರ ಹಾಗೇ ಇರುತ್ತಿತ್ತು. ಅದನ್ನು ತೆಗೆಸುವ ಕೀಲಿ ನನ್ನ ಫೋನಿನಲ್ಲಿತ್ತು.

ಶನಿವಾರ ಮಧ್ಯಾಹ್ನ ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ನಾನು ಬರೆದದ್ದನ್ನು ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಹತ್ತನೇ ಕ್ಲಾಸಿನ ಉತ್ತರಪತ್ರಿಕೆ ಓದುವ ಹಾಗೆ ಓದಿದಳು.

“‘ಗೊಂದಲದ ಸಂದರ್ಭದಲ್ಲಿ ತಪ್ಪು ಮಾಹಿತಿ ನೀಡಲ್ಪಟ್ಟಿದೆ.’ ಯಾರಿಂದ?”

“ಅದು ಕರ್ಮಣಿ ಪ್ರಯೋಗ ಅಮ್ಮ, ನೀನೇ ಕಲಿಸಿದ್ದು.”

“ಕಲಿಸಿದ್ದು ತಪ್ಪಿಸಿಕೊಳ್ಳೋಕಲ್ಲ. ಯಾರಿಂದ?”

ಅತ್ತಿಗುಪ್ಪೆಯಲ್ಲಿ ‘ನೀಡಲ್ಪಟ್ಟಿದೆ’ ಹೋಯಿತು. ದೀಪಾಂಜಲಿನಗರದಲ್ಲಿ ‘ಬಹುಶಃ’ ಹೋಯಿತು. ನಾಯಂಡಹಳ್ಳಿಯ ಹೊತ್ತಿಗೆ ‘ಗೊಂದಲದ ಸಂದರ್ಭ’ವನ್ನು ಬಿಟ್ಟುಕೊಟ್ಟೆ, ಆದರೆ ಸಂಜೆ ಬೆಳಕು ಮಂದವಾಗಿತ್ತು ಎಂಬುದನ್ನು ರಾಜರಾಜೇಶ್ವರಿನಗರದವರೆಗೆ ಗಟ್ಟಿಯಾಗಿ ಹಿಡಿದುಕೊಂಡೆ, ಅದು ನಿಜವೂ ಆಗಿತ್ತು. ಅಮ್ಮ ಅದನ್ನು ಅಳಿಸು ಎನ್ನಲಿಲ್ಲ, ಕಿಟಕಿಯಿಂದ ಹೊರಗೆ ನೋಡಿದಳು. ಜ್ಞಾನಭಾರತಿಯಲ್ಲಿ ನಾನೇ ಅಳಿಸಿದೆ. ಕೆಂಗೇರಿಯಲ್ಲಿ ಇಳಿಯುವಾಗ ಉಳಿದಿದ್ದು ಮೂರು ಸಾಲು: ನಾನು ಇಂಡಿಕೇಟರ್ ಹಾಕಿರಲಿಲ್ಲ. ಹಾಕಿದ್ದೆ ಎಂದು ಸುಳ್ಳು ಹೇಳಿ ದೂರು ಕೊಟ್ಟೆ. ಪರಸಪ್ಪ ಅವರ ಐಡಿಯನ್ನು ವಾಪಸ್ ಕೊಡಿ. ಅಷ್ಟು ಚಿಕ್ಕ ಬರಹವನ್ನು ನಾನು ಜೀವನದಲ್ಲಿ ಬರೆದಿರಲಿಲ್ಲ. ಕಳಿಸಿರಲೂ ಇಲ್ಲ, ಮೊದಲು ಅವನಿಗೆ ತೋರಿಸುವುದೆಂದು ತೀರ್ಮಾನವಾಗಿತ್ತು.

ಅಂಗಡಿಯ ಹಿಂದಿನ ಓಣಿಯಲ್ಲಿ ಅವನು ಟೆಂಪೋದಿಂದ ಮೂಟೆ ಇಳಿಸುತ್ತಿದ್ದ. ನಮ್ಮನ್ನು ಕಂಡದ್ದೇ ಹೆಗಲ ಮೇಲಿನ ಮೂಟೆಯನ್ನು ಕೆಳಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದ. “ಮತ್ತೇನಾತ್ರಿ ಮೇಡಂ? ನಾ ಆ ಕಡೆ ಬರೋದ ಬಿಟ್ಟೀನ್ರಿ.”

ನನ್ನನ್ನು ಕಂಡು ಹಾಗೆ ಹಿಂದೆ ಸರಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಮ್ಮ ಮುಂದೆ ಹೋದಳು. ಮುನ್ನುಡಿ ಇಲ್ಲ, ದೇವರ ಹೆಸರಿಲ್ಲ. ಅವತ್ತು ಇಂಡಿಕೇಟರ್ ಹಾಕಿರಲಿಲ್ಲ, ನನಗೆ ಗೊತ್ತಿತ್ತು, ನಾನು ಸುಳ್ಳು ಹೇಳಿದೆ, ನಿಮ್ಮಲ್ಲಿ ಕ್ಷಮೆ ಕೇಳೋಕೆ ಬಂದೆ ಎಂದಳು.

“ಅವತ್ತ ಯಾಕ ಹಂಗ ಅಂದ್ರಿ ಅಮ್ಮಾರ?”

“ಮಗಳು ಅಂತ.”

ಅವನು ತಲೆ ಆಡಿಸಿದ, ಕ್ಷಮಿಸಿದೆ ಎಂದಲ್ಲ, ಕೇಳಿಸಿತು ಎಂಬಂತೆ. ನಾನು ಫೋನ್ ಚಾಚಿದೆ. ಅಕ್ಕಿಯ ಧೂಳು ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಅಕ್ಷರಗಳ ಕೆಳಗೆ ಆಡಿಸುತ್ತಾ ಮೂರು ಸಾಲನ್ನು ಎರಡು ಸಲ ಓದಿದ. ವಾಪಸ್ ಕೊಡುವಾಗ ತಡೆದು, ಅಂಗಡಿಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ: “ಇನ್ನೊಂದ ಮಾತೈತ್ರಿ. ಆವಾಗ ನಾನೂ ಮ್ಯಾಪ್ ನೋಡಾಕತ್ತಿದ್ನಿರಿ. ಒಂದ್ ಸೆಕೆಂಡ್ ಕೆಳಗ ನೋಡಿದ್ದೆ.”

ನಿಮಗೆ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಆದದ್ದು ಸಂತೋಷ. ಸಭಾಂಗಣದ ಹಿಂದಿನ ಸಾಲಿನಿಂದ ಯಾರೋ ನನಗೆ ಚೀಟಿ ಕಳಿಸಿದಂತೆ. ಎರಡೂ ಕಡೆ ತಪ್ಪಿತ್ತು! ಇಷ್ಟು ದಿನ ಹುಡುಕುತ್ತಿದ್ದ ವಾದ ಅವನ ಬಾಯಿಂದಲೇ ಬಂದಿತ್ತು. ಒಂದು ಸಾಲು ಸೇರಿಸಿದರೆ ಪತ್ರ ಸಮತೋಲನಕ್ಕೆ ಬರುತ್ತದೆ, ಅದೂ ಸತ್ಯದ ಹೆಸರಿನಲ್ಲಿ. ಅಮ್ಮನ ಕಡೆ ತಿರುಗಿ, ಪೂರ್ತಿ ನಿಜ ಹೇಳಬೇಕು ಎಂದಾದರೆ ಇದನ್ನೂ ಬರೆಯಬೇಕಲ್ಲವಾ ಎಂದು ಕೇಳಿದೆ. ಪರಸಪ್ಪನ ಮುಖ ಬಿಳಿಚಿತು. ಅದು ಬರೆದರೆ ಐಡಿ ಹೋದಂತೆಯೇ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಅದು ಅವರ ಸಾಕ್ಷಿ ಕಣೇ,” ಎಂದಳು ಅಮ್ಮ, ಮೆಲ್ಲಗೆ. “ಅವರು ಹೇಳ್ಕೊಂಡ್ರು. ನಿಂದು ನೀನು ಹೇಳು.”

ಹಿಂದಿನ ಬೆಂಚಿನಲ್ಲಿ ಕೂತು ಅಷ್ಟು ವರ್ಷ ಅಂಕ ಕೊಟ್ಟವಳಿಗೆ ಆ ಪದದ ಅರ್ಥ ಅಕ್ಕಿ ಮೂಟೆಗಳ ನಡುವೆ ಸಿಕ್ಕಿತು. ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಇನ್ನೊಬ್ಬರ ಬಗ್ಗೆ. ಅಮ್ಮನ ಕೂಟದಲ್ಲಿ ತನ್ನ ಬಗ್ಗೆ ಮಾತ್ರ. ಇದು ನನ್ನನ್ನು ನಂಬುವವಳನ್ನಾಗಿ ಮಾಡಲಿಲ್ಲ. ಆ ಹದಿನಾಲ್ಕು ಪ್ರಶ್ನೆಗಳು ಈಗಲೂ ಹಾಗೇ ಇವೆ. ಆದರೆ ಕೈಯಲ್ಲಿದ್ದ ಗೆಲ್ಲುವ ವಾದವನ್ನು ಬಳಸದೆ ಬಿಡುವುದು ಎಷ್ಟು ನೋವಿನ ಕೆಲಸ ಎಂಬುದು ತಿಳಿಯಿತು. ಅಮ್ಮ ಇದನ್ನು ದಿನಾ ಮಾಡುತ್ತಾಳೆ, ನಾದಿನಿಯ ವಿಷಯದಲ್ಲಿ.

ಮೂರು ಸಾಲನ್ನು ಹಾಗೇ ಕಳಿಸಿದೆ. ಎರಡು ನಿಮಿಷಕ್ಕೆ ಕಂಪನಿಯಿಂದ ಫೋನ್ ಬಂತು. ಅವನಿಗೂ ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿದೆ. ಹೆಣ್ಣು ದನಿ, ಬಹಳ ಮರ್ಯಾದೆಯ ಕನ್ನಡ. ಇಂಥ ದೂರನ್ನು ಯಾರೂ ಹೀಗೆ ವಾಪಸ್ ತೆಗೆದುಕೊಳ್ಳುವುದಿಲ್ಲ, ರೈಡರ್ ನಿಮ್ಮನ್ನು ಹೆದರಿಸಿದ್ದಾರಾ, ಈಗ ನಿಮ್ಮ ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದಳು. ಅಂಗಡಿಯವನು ಬಂದು ಬಾಗಿಲಲ್ಲಿ ನಿಂತ. ಹೌದು, ಪಕ್ಕದಲ್ಲೇ ಇದ್ದಾರೆ, ನಾನೇ ಹುಡುಕಿಕೊಂಡು ಬಂದೆ, ಯಾರೂ ಹೆದರಿಸಿಲ್ಲ ಎಂದೆ.

“ಹಾಗಾದ್ರೆ ಸುಳ್ಳು ದೂರು ಯಾಕೆ ಕೊಟ್ರಿ ಮೇಡಂ? ಕಾರಣ ಏನು ಅಂತ ಹಾಕ್ಲಿ?”

ಬೆಳಕು ಮಂದವಾಗಿತ್ತು. ತಾಯಿ ಹಿಂದೆ ಕೂತಿದ್ದರು. ಗಾಬರಿಯಾಗಿತ್ತು. ಅವನು ಮ್ಯಾಪ್ ನೋಡುತ್ತಿದ್ದ. ನಾಲ್ಕೂ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು.

“ಸೋಲೋಕೆ ಇಷ್ಟ ಇರ್ಲಿಲ್ಲ ಅಂತ ಹಾಕಿ.”

ಅತ್ತ ಕಡೆ ಕೀಬೋರ್ಡಿನ ಸದ್ದು ನಿಂತಿತು. “ಆ ಆಪ್ಷನ್ ಇಲ್ಲ ಮೇಡಂ. ‘ಇತರೆ’ ಅಂತ ಹಾಕ್ತೀನಿ. ಒಂದ್ಸಲ ಓದ್ತೀನಿ, ನೀವು ಕನ್ಫರ್ಮ್ ಮಾಡಿದ್ರೆ ಸೋಮವಾರ ಬೆಳಿಗ್ಗೆ ಅವರ ಐಡಿ ಓಪನ್ ಆಗತ್ತೆ. ‘ಗ್ರಾಹಕರು ಕೊಟ್ಟ ದೂರು ಸುಳ್ಳು. ರೈಡರ್ ತಪ್ಪಿಲ್ಲ.’ ಸರೀನಾ ಮೇಡಂ?”

ರೈಡರ್ ತಪ್ಪಿಲ್ಲ ಎಂಬಲ್ಲಿ ನಾನು ತಡೆದೆ. ಪರಸಪ್ಪ ನನ್ನನ್ನೇ ನೋಡುತ್ತಿದ್ದ. ಅಮ್ಮ ಯಾರನ್ನೂ ನೋಡುತ್ತಿರಲಿಲ್ಲ.

“ಸರಿ,” ಎಂದೆ. ದನಿ ನಡುಗಿತು.